ಅಮೂಲ್ಯ ರೆಡ್ಡಿಯವರ ವಿದ್ಯುತ್ ಲೆಕ್ಕ

1987ರಲ್ಲಿ ಸರ್ಕಾರಿ ಸಮಿತಿಯೊಂದು, 2000ನೇ ಇಸವಿಯ ಹೊತ್ತಿಗೆ ಕರ್ನಾಟಕಕ್ಕೆ ಸುಮಾರು 9,400 ಮೆಗಾವ್ಯಾಟ್ ವಿದ್ಯುತ್ ಬೇಕಾಗುತ್ತದೆ ಎಂದು ವರದಿ ಕೊಟ್ಟಿತು. ಕೈಗಾದಲ್ಲಿ ಅಣುಸ್ಥಾವರ ಬೇಕೇ ಬೇಡವೇ ಎಂಬ ವಾದ ಕಾವೇರುತ್ತಿದ್ದ ಕಾಲವದು. ಅಷ್ಟು ವಿದ್ಯುತ್ ಬೇಕೇ ಬೇಕು ಎಂದು ಒಪ್ಪಿಬಿಟ್ಟರೆ, ಸ್ಥಾವರ ಬೇಡ ಎನ್ನುವವರ ಬಾಯಿ ಅರ್ಧ ಕಟ್ಟಿದಂತೆಯೇ. ಆ ಅಂಕಿಯನ್ನೇ ಬಿಚ್ಚಿ ನೋಡಿದವರು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಅಮೂಲ್ಯ ಕುಮಾರ್ ಎನ್. ರೆಡ್ಡಿ.

1930ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರೆಡ್ಡಿ ಮೂಲತಃ ವಿದ್ಯುತ್‌ರಸಾಯನ ವಿಜ್ಞಾನಿ. ಜಾನ್ ಬಾಕ್ರಿಸ್ ಜೊತೆ ಬರೆದ ಪಠ್ಯಪುಸ್ತಕದ ಹೆಸರಿನಲ್ಲೇ ನೆಮ್ಮದಿಯಾಗಿ ಇದ್ದುಬಿಡಬಹುದಿತ್ತು. ಆದರೆ 1974ರಲ್ಲಿ ‘ಅಸ್ತ್ರ’ ಕಟ್ಟಿ ಹಳ್ಳಿಗಳ ಕಡೆ ಹೊರಟರು. (ಅಸ್ತ್ರ ಒಲೆ ಎಂದರೆ ನಮ್ಮ ಹಿರಿಯರಿಗೆ ನೆನಪಾದೀತು.) ಕುಣಿಗಲ್ ತಾಲ್ಲೂಕಿನ ಪುರ ಎಂಬ ಊರಿನಲ್ಲಿ ಸಗಣಿ ಅನಿಲದಿಂದ ಅಡುಗೆ ಮಾಡಿಸುವ ಮೊದಲ ಯೋಜನೆ ಕೈಕೊಟ್ಟಿತು, ಸಗಣಿಯೇ ಸಾಲಲಿಲ್ಲ. ಅದೇ ಅನಿಲದಿಂದ ಎಂಜಿನ್ ಓಡಿಸಿ, ಮನೆಗೆ ದೀಪ, ನಲ್ಲಿಗೆ ಕುಡಿಯುವ ನೀರು ಕೊಟ್ಟಾಗ ಊರು ಒಪ್ಪಿತು. ಶಕ್ತಿ ಎಷ್ಟು ಎನ್ನುವ ಮೊದಲು ಯಾತಕ್ಕೆ ಎಂದು ಕೇಳುವ ಅಭ್ಯಾಸ ಅವರಲ್ಲಿ ಗಟ್ಟಿಯಾದದ್ದು ಇಂಥ ಕಡೆಗಳಲ್ಲೇ ಎಂದು ನನಗನ್ನಿಸುತ್ತದೆ.

ರಾಜ್ಯದ ಲೆಕ್ಕಕ್ಕೂ ಅವರು ಅದೇ ಪ್ರಶ್ನೆ ಹಾಕಿದರು. ಸಮಿತಿ ಬೇಡಿಕೆಯ ಗೆರೆಯನ್ನು ಮೇಲಕ್ಕೆಳೆದುಕೊಂಡು ಹೋಗಿತ್ತು. ರೆಡ್ಡಿ ಮತ್ತು ಸಹೋದ್ಯೋಗಿಗಳು ಕೆಳಗಿನಿಂದ ಎಣಿಸಿದರು. ಎಷ್ಟು ಮನೆ, ಎಷ್ಟು ಬಲ್ಬು, ಎಷ್ಟು ಪಂಪ್‌ಸೆಟ್ಟು? ಸ್ನಾನದ ನೀರು ಕಾಯಿಸಲು ಬಿಸಿಲಿದೆ. ಪಂಪ್‌ಸೆಟ್ಟಿನ ಫುಟ್‌ವಾಲ್ವ್, ಪೈಪು ಬದಲಿಸಿದರೆ ಅಷ್ಟೇ ನೀರು ಕಡಿಮೆ ವಿದ್ಯುತ್ತಿನಲ್ಲಿ ಮೇಲೆ ಬರುತ್ತದೆ. ಕತ್ತಲಲ್ಲಿದ್ದ ಮನೆಗಳಿಗೆಲ್ಲ ದೀಪ ಕೊಟ್ಟ ಮೇಲೂ ಅವರ ಲೆಕ್ಕಕ್ಕೆ ಸುಮಾರು 4,000 ಮೆಗಾವ್ಯಾಟ್ ಸಾಕಾಯಿತು. 1991ರಲ್ಲಿ ಅದು ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಅಚ್ಚಾಯಿತು. ಅಂಕಿಅಂಶವೆಲ್ಲ ಬಯಲಿಗೆ ಬಂತು. ಒಪ್ಪದವರು ಕೂತು ತಿದ್ದಬಹುದಿತ್ತು.

ಸರ್ಕಾರ ಆ ದಾರಿ ಹಿಡಿಯಲಿಲ್ಲ. ಕೈಗಾದ ಮೊದಲೆರಡು ಘಟಕಗಳು 2000ದಲ್ಲಿ ಕೆಲಸ ಆರಂಭಿಸಿದವು. ಅದಕ್ಕೆ ಒಂದು ವರ್ಷ ಮೊದಲು ರಾಜ್ಯಕ್ಕೆ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಬಂದಿತ್ತು. ರೆಡ್ಡಿ ಆಗಲೂ ಸುಮ್ಮನಿರಲಿಲ್ಲ. ಕ್ಯಾಲಿಫೋರ್ನಿಯಾದ ವಿದ್ಯುತ್ ಬಿಕ್ಕಟ್ಟಿನಿಂದ ನಮ್ಮ ಸುಧಾರಣೆಗಳು ಕಲಿಯಬೇಕಾದ್ದೇನು ಎಂದು 2001ರಲ್ಲಿ ಬರೆದರು. 2006ರಲ್ಲಿ ತೀರಿಕೊಂಡರು.

ದರ ಏರಿಕೆಯ ಅರ್ಜಿ ಬಂದಾಗ ಆಯೋಗ ಬಹಿರಂಗ ವಿಚಾರಣೆ ನಡೆಸುತ್ತದೆ. ಮೀಟರಿಲ್ಲದ ಪಂಪ್‌ಸೆಟ್ಟುಗಳು ಬಳಸಿದ ವಿದ್ಯುತ್ತನ್ನು ಯಾರು, ಹೇಗೆ ಅಳೆದರು ಎಂಬ ಪ್ರಶ್ನೆ ಅಲ್ಲಿ ಮತ್ತೆ ಮತ್ತೆ ಏಳುತ್ತದೆ.