ರುದ್ರನಾಟಕ

ರುದ್ರನಾಟಕ (ನಾಮಪದ): ಉದಾತ್ತ ವ್ಯಕ್ತಿಯೊಬ್ಬನ ಪತನವನ್ನು ಚಿತ್ರಿಸಿ, ನೋಡುವವರಲ್ಲಿ ಕರುಣೆಯನ್ನೂ ಭಯವನ್ನೂ ಹುಟ್ಟಿಸುವ ಗಂಭೀರ ನಾಟಕ. ಈ ಪ್ರಕಾರದ ಗ್ರೀಕ್ ಹೆಸರಾದ ‘ತ್ರಾಗೋಯ್ದಿಯ’ ಎಂಬುದಕ್ಕೆ ‘ಹೋತದ ಹಾಡು’ ಎಂಬ ಅರ್ಥವಿದ್ದರೆ, ಕನ್ನಡದ ಹೆಸರು ‘ರುದ್ರ’ ಶಬ್ದವನ್ನು ಆಧರಿಸಿದೆ. ಆ ಶಬ್ದವನ್ನು ಅಳು, ಮೊರೆ ಎಂಬರ್ಥದ ‘ರುದ್’ ಧಾತುವಿನಿಂದ ಪರಂಪರೆಯು ನಿಷ್ಪನ್ನಗೊಳಿಸುವುದರಿಂದ, ಉಗ್ರತೆ ಮತ್ತು ರೋದನ ಎರಡೂ ಒಂದೇ ಪದದಲ್ಲಿ ಅಡಕವಾಗಿವೆ.

ಮಂಡ್ಯ ಜಿಲ್ಲೆಯ ಬೆಳ್ಳೂರನ್ನು ತಮ್ಮ ಹೆಸರಿನಲ್ಲೇ ಉಳಿಸಿಕೊಂಡ ಬಿ.ಎಂ. ಶ್ರೀಕಂಠಯ್ಯನವರು, ಅವಮಾನದಿಂದ ಮತಿಗೆಟ್ಟ ಗ್ರೀಕ್ ವೀರ ಅಯಾಸನನ್ನು ಕುರಿತ ಸೊಫೊಕ್ಲಿಸನ ನಾಟಕವನ್ನು ಆಧರಿಸಿ 1929ರಲ್ಲಿ ‘ಅಶ್ವತ್ಥಾಮನ್’ ಎಂಬ ರುದ್ರನಾಟಕವನ್ನು ರಚಿಸಿ, ಯವನ ಪುರಾಣದ ದುಃಖವನ್ನು ಮಹಾಭಾರತದ ವೀರನಲ್ಲಿ ನೆಲೆಗೊಳಿಸಿದರು. ‘ಕುರುಕ್ಷೇತ್ರ’ ನಾಟಕವನ್ನು ಬೆಳಗಿನವರೆಗೂ ಕುಳಿತು ನೋಡುವ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯವರಿಗೆ ಛಲ, ಅಭಿಮಾನ, ಪತನಗಳ ಈ ಕಥೆ ಪರಕೀಯವಲ್ಲ. ಪ್ರಾಚೀನ ಪುರಾಣಗಳು ಬಾಳುವುದು ಇಂಥ ಸಾಮ್ಯದಿಂದಲೇ.