ಮಾವ ಯಾಕೆ ಕೇಳದೆಯೇ ಬುದ್ಧಿ ಹೇಳ್ತಾರೆ?

ಬೋರ್‌ವೆಲ್ ಎಲ್ಲಿ ಕೊರೆಸಬೇಕು, ಅಡಿಕೆ ಹಾಕಬೇಕೋ ಬೇಡವೋ, ಮಗುವನ್ನು ಯಾವ ಶಾಲೆಗೆ ಸೇರಿಸಬೇಕು? ನಾವು ಕೇಳದಿದ್ದರೂ ಮಾವ ಹೇಳುತ್ತಾರೆ. ಸಿಟ್ಟಾಗುವ ಮೊದಲು ಇದರ ಬೇರು ಎಲ್ಲಿದೆ ಅಂತ ನೋಡೋಣ.

ನಮ್ಮ ಭಾಷೆಯಲ್ಲೇ ಗುಟ್ಟಿದೆ. ತಾಯಿಯ ಅಣ್ಣತಮ್ಮಂದಿರೂ ಮಾವ, ಹೆಂಡತಿಯ ಅಪ್ಪನೂ ಮಾವ, ಗಂಡನ ಅಪ್ಪನೂ ಮಾವ. ಅಕ್ಕನ ಮಗನೂ ಅಳಿಯ, ಮಗಳ ಗಂಡನೂ ಅಳಿಯ. ಸೋದರಮಾವನ ಮಗಳನ್ನು ತರುವ ವಾಡಿಕೆಯಿದ್ದ ಮನೆಗಳಲ್ಲಿ ಇಬ್ಬರು ಮಾವಂದಿರೂ ಒಬ್ಬರೇ. ತೊಟ್ಟಿಲು ತೂಗಿದವರು ಮದುವೆಯ ಮರುದಿನ ಸುಮ್ಮನಾಗುತ್ತಾರೆಯೇ?

ಕರಾವಳಿಯಲ್ಲಂತೂ ಈ ಮಾತಿಗೆ ಕಾನೂನಿನ ಬಲವೇ ಇತ್ತು. ಬಂಟರು, ಬಿಲ್ಲವರು, ಮೊಗವೀರರು ಪಾಲಿಸುತ್ತಿದ್ದ ಅಳಿಯಸಂತಾನ ಪದ್ಧತಿಯಲ್ಲಿ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಸಾಗುತ್ತಿತ್ತು. ಆಡಳಿತ ಹೆಚ್ಚಾಗಿ ಸೋದರಮಾವನ ಕೈಯಲ್ಲಿ. ಅವರ ಮಗಳನ್ನೇ ಮದುವೆಯಾದರೆ ಯಜಮಾನರೂ ಅವರೇ, ಹೆಣ್ಣು ಕೊಟ್ಟ ಮಾವನೂ ಅವರೇ. ಎಲ್ಲರೂ ಒಪ್ಪದೆ ಪಾಲು ಸಿಗುತ್ತಿರಲಿಲ್ಲ. ಹಾಗಾಗಿ ಮಾವ ಹೇಳಿದ್ದು ಸಲಹೆಯಲ್ಲ, ತೀರ್ಮಾನ.

1949ರ ಮದರಾಸು ಅಳಿಯಸಂತಾನ ಕಾಯ್ದೆ ಕುಟುಂಬದ ಕವಲುಗಳಿಗೆ ಪಾಲು ಕೇಳುವ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಗಂಡಸು ತೀರಿಕೊಂಡರೆ ಅವನ ಪಾಲಿನಲ್ಲಿ ಹೆಂಡತಿ ಮಕ್ಕಳಿಗೂ ಹಕ್ಕು ಬಂತು.

ಮಾವನ ಅಧಿಕಾರ ಹೋಯಿತು, ಮಾತು ಉಳಿಯಿತು. ಆ ಮಾತನ್ನು ಪೂರ್ತಿ ಕೇಳೋಣ. ಮಣ್ಣು, ನೀರು, ಜಮೀನಿನ ಗಡಿಯ ವಿಚಾರ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ, ಬರೆದಿಟ್ಟುಕೊಳ್ಳೋಣ. ಎದುರುತ್ತರ ಬೇಡ; “ಮನೆಯವರ ಜೊತೆ ಮಾತಾಡಿ ಹೇಳ್ತೀನಿ ಮಾವ” ಅಂದರೆ ಸಾಕು. ಸಾಲಕ್ಕೆ ಸಹಿ ಹಾಕುವವರು, ಕಂತು ಕಟ್ಟುವವರು ನಾವು. ಕೊನೆಯ ತೀರ್ಮಾನವೂ ನಮ್ಮದೇ ಇರಲಿ.