ಮಡಕೆಯಲ್ಲಿ ಮಾಗಿದ ಹೊಗೆ

ಉತ್ತರ ಭಾರತದ ಹುಕ್ಕಾಪ್ರಿಯರಿಗೆ ‘ಖಮೀರಾ’ ಎಂದರೆ ಪ್ರಾಣ. ತಂಬಾಕಿನ ಒಣ ಎಲೆಯನ್ನು ಕುಟ್ಟಿ, ಬೆಲ್ಲ, ಹಣ್ಣಿನ ತಿರುಳು, ಸುಗಂಧದ್ರವ್ಯ ಬೆರೆಸಿ, ಮಣ್ಣಿನ ಮಡಕೆಗೆ ತುಂಬಿ, ಬಾಯಿ ಕಟ್ಟಿ ನೆಲದಲ್ಲಿ ಹೂಳುತ್ತಿದ್ದರು. ಖಮೀರ್ ಎಂದರೆ ಹುದುಗು. ತಿಂಗಳುಗಟ್ಟಲೆ ಹುದುಗಿದ ಮೇಲೆ ಅದರ ಘಾಟು ಇಳಿದು ಘಮ ಏರುತ್ತಿತ್ತು. ಹೀಗೆ ಇಳಿಯುತ್ತಿದ್ದುದು ಗಂಟಲಿನ ಉರಿ ಮಾತ್ರ. ಚಟ ಹತ್ತಿಸುವ ನಿಕೋಟಿನ್ ಉಳಿದೇ ಇರುತ್ತಿತ್ತು. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಹುಕ್ಕಾದ ನೀರೂ ತಡೆಯಲ್ಲ.

ಈ ಎಲೆಯನ್ನು ಮೊಗಲ್ ದರ್ಬಾರಿಗೆ ಒಯ್ದು ತೋರಿಸಿದ್ದು ಬಿಜಾಪುರದಿಂದ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಆದಿಲ್‌ಶಾಹಿ ರಾಜಧಾನಿಗೆ ರಾಯಭಾರಿಯಾಗಿ ಬಂದಿದ್ದ ಅಸದ್ ಬೇಗ್ ತಂಬಾಕನ್ನು ಮೊದಲು ಕಂಡದ್ದೇ ಇಲ್ಲಿ. ಸುಲ್ತಾನ ಕೊಟ್ಟಿದ್ದ ಅಂದವಾದ ಎಲೆಯಡಿಕೆ ಚೀಲದ ತುಂಬ ಅದನ್ನು ತುಂಬಿಕೊಂಡು, ರತ್ನಖಚಿತ ಕೊಳವೆಯೊಂದಿಗೆ ಅಕ್ಬರನ ಮುಂದಿಟ್ಟ. ಅದು ಅಕ್ಬರನ ಕೊನೆಯ ದಿನಗಳು; 1605ರಲ್ಲಿ ಆತ ತೀರಿಕೊಂಡ.

ಬಾದಶಹ ಕೆಲವು ದಮ್ಮು ಎಳೆದ. ವೈದ್ಯರು ತಡೆದರು: ನಮ್ಮ ಗ್ರಂಥಗಳಲ್ಲಿ ಇದರ ಬಗ್ಗೆ ಏನೂ ಇಲ್ಲ, ಗೊತ್ತಿಲ್ಲದ್ದನ್ನು ಬಾದಶಹರಿಗೆ ಕೊಡುವುದು ಹೇಗೆ? ಲೋಕದ ಯಾವ ರೂಢಿ ತಾನೇ ಒಂದು ಕಾಲಕ್ಕೆ ಹೊಸತಾಗಿರಲಿಲ್ಲ ಎಂದು ಅಸದ್ ಬೇಗ್ ವಾದಿಸಿದ. ವಾದದಲ್ಲಿ ಆತನೇ ಗೆದ್ದಂತಾಯಿತು. ಅಕ್ಬರ್ ಮಾತ್ರ ಮತ್ತೆ ಸೇದಲಿಲ್ಲ. ಚೀಲದ ಉಳಿದ ತಂಬಾಕು ಅಮೀರರಿಗೆ ಹಂಚಿಹೋಯಿತು, ಬೆನ್ನಿಗೇ ವ್ಯಾಪಾರಿಗಳು ಬಂದರು. 1617ರಲ್ಲಿ ಜಹಾಂಗೀರ್ ತಂಬಾಕನ್ನು ನಿಷೇಧಿಸಿದ. ಅಷ್ಟರಲ್ಲಿ ಹುಕ್ಕಾ ದಿವಾನಖಾನೆಗಳಲ್ಲಿ ನೆಲೆಯೂರಿಯಾಗಿತ್ತು.